ಗಾಳದ ಕಟ್ಟೆ: ಅಮೆರಿಕದ ಬಾಸು, ಬೇತ್ರಿಯ ಬಂಡೆ

ಕಳೆದ ಸಂಚಿಕೆಯಲ್ಲಿ ಅಮೆರಿಕದ ನ್ಯೂ ರಿವರ್‌ನಲ್ಲಿ ಸ್ಮಾಲ್‌ಮೌತ್ ಬಾಸ್ ಅನ್ನುವ ಮೀನು ಹಿಡಿದ ಸುದ್ದಿಯನ್ನು ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಕಾಗದ! ಗಾಳಕ್ಕೆ ಚುಚ್ಚುವ ರಾಗಿ ಉಂಡೆ ಎಷ್ಟು ಗಟ್ಟಿ ಇರಬೇಕು ಅಂತ ಪ್ರತಿ ತಿಂಗಳು ಕೇಳುವವರು ಈ ಸಲ ಸುಮ್ಮನಾಗಿದ್ದಾರೆ. ಹೊಸ ಓದುಗರಿಗೆ ಒಂದು ಮಾತು: ನಾನು ಸಿದ್ದಾಪುರದ ಹತ್ತಿರ ಕಾಫಿ ತೋಟದಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವನು. ಹಾಜರಿ ಪುಸ್ತಕ ಮುಚ್ಚಿದ ಮೇಲೆ ಕರಡಿಗೋಡಿನ ಹೊಳೆ ಬದಿಯಲ್ಲಿ ಕೂತು ಕಲಿತದ್ದಷ್ಟೇ ನನ್ನ ವಿದ್ಯೆ. ಮಗ ವರ್ಜೀನಿಯಾದ ಬ್ಲ್ಯಾಕ್ಸ್‌ಬರ್ಗ್‌ನಲ್ಲಿದ್ದಾನೆ. ಎರಡು ಬೇಸಿಗೆ ಅಲ್ಲಿ ಕಳೆದಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಬರುವ ಮೇ ತಿಂಗಳಲ್ಲಿ ಮಗಳ ಮನೆಗೆ ವರ್ಜೀನಿಯಾಕ್ಕೆ ಹೋಗುತ್ತಿದ್ದೇವೆ, ಆಗಸ್ಟ್‌ವರೆಗೆ ಇರುತ್ತೇವೆ. ಕಾವೇರಿಯಲ್ಲಿ ಗಾಳ ಹಾಕಿ ಅಭ್ಯಾಸವಿದೆ. ಈ ಬಾಸ್ ಎಂಥ ಮೀನು? ಬಾಯಿ ನಿಜಕ್ಕೂ ಚಿಕ್ಕದಾ? ಇಲ್ಲಿಂದ ಏನು ತೆಗೆದುಕೊಂಡು ಹೋಗಲಿ?
— ಸುಂಟಿಕೊಪ್ಪದ ಓದುಗರು

ಉತ್ತರ: ಬಾಯಿ ಚಿಕ್ಕದೇನೂ ಅಲ್ಲ ಸಾರ್, ನಿಮ್ಮ ಹೆಬ್ಬೆರಳು ಆರಾಮಾಗಿ ಹಿಡಿಸುತ್ತದೆ. ಅದಕ್ಕೊಬ್ಬ ಅಣ್ಣ ಇದ್ದಾನೆ, ಲಾರ್ಜ್‌ಮೌತ್ ಅಂತ. ಅವನ ಬಾಯಿಯ ಮೂಲೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ. ಇವನದ್ದು ಕಣ್ಣಿನ ಕೆಳಗೇ ನಿಲ್ಲುತ್ತದೆ. ಅಣ್ಣನ ಪಕ್ಕದಲ್ಲಿ ನಿಲ್ಲಿಸಿದ್ದರಿಂದ ತಮ್ಮನಿಗೆ ಈ ಹೆಸರು ಬಂತು, ಅಷ್ಟೇ. ಮೈ ಕಂಚಿನ ಬಣ್ಣ, ಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ಮಸುಕು ಪಟ್ಟೆ, ಕಣ್ಣು ಕೆಂಪು. ರಾತ್ರಿ ನಿದ್ದೆಗೆಟ್ಟವರ ಕಣ್ಣಿನ ಹಾಗೆ.

ಗಾತ್ರದ ಆಸೆ ಬೇಡ. ನಮ್ಮ ಬಿಳಿಮೀನಿನ (ಮಹಶೀರ್) ಲೆಕ್ಕದಲ್ಲಿ ನೋಡಿದರೆ ಇದು ಮರಿ. ಇಡೀ ಜಗತ್ತಿನ ದಾಖಲೆ 1955ರಲ್ಲಿ ಹಿಡಿದದ್ದು, 11 ಪೌಂಡ್ 15 ಔನ್ಸ್. ಅಂದರೆ ಐದೂವರೆ ಕೆಜಿಗೂ ಸ್ವಲ್ಪ ಕಡಿಮೆ. ಅದೂ ನದಿಯದ್ದಲ್ಲ, ಡೇಲ್ ಹಾಲೋ ಅನ್ನುವ ಜಲಾಶಯದ್ದು. ವರ್ಜೀನಿಯಾದ ದಾಖಲೆ ಮಾತ್ರ ನಮ್ಮ ನ್ಯೂ ರಿವರ್‌ನದ್ದೇ: 2003ರಲ್ಲಿ, 8 ಪೌಂಡ್ 1 ಔನ್ಸ್. ('ನಮ್ಮ' ಅಂದುಬಿಟ್ಟೆ ನೋಡಿ. ಎರಡು ಬೇಸಿಗೆಗೇ ಹೀಗೆ.) ಸಾಮಾನ್ಯವಾಗಿ ಸಿಗುವುದು ಒಂದಡಿ, ಒಂದೂಕಾಲು ಅಡಿಯದ್ದು. ನದಿಯಲ್ಲಿ ಒಂದಡಿ ಬೆಳೆಯುವುದಕ್ಕೇ ಅದಕ್ಕೆ ಸುಮಾರು ನಾಲ್ಕು ವರ್ಷ ಬೇಕು. ಆದರೆ ಆ ಒಂದಡಿ ಕೊಡುವ ಎಳೆತ ಇದೆಯಲ್ಲ, ಅದು ಬೇರೆಯೇ. ಬಿಳಿಮೀನು ಕಚ್ಚಿದ ಕೂಡಲೇ ತಂಗೂಸಿಯನ್ನು ಒಂದೇ ಉಸಿರಿಗೆ ಎಳೆದುಕೊಂಡು ಕೆಳಕ್ಕೆ ಓಡುತ್ತದೆ. ಇದು ಹಾಗಲ್ಲ, ಮೇಲಕ್ಕೆ ನೆಗೆಯುತ್ತದೆ. ನೀರಿನಿಂದ ಎರಡಡಿ ಮೇಲೆ ನಿಂತು ತಲೆ ಕೊಡವಿ, ಕೊಕ್ಕೆ ಉಗುಳಿ, ಮತ್ತೆ ಒಳಗೆ. ನನ್ನ ಮೊದಲ ಐದು ಮೀನು ಹೋದದ್ದು ಹೀಗೇ. ಅದು ನೆಗೆಯುವಾಗ ಕೋಲನ್ನು ಮೇಲೆತ್ತಬೇಡಿ. ನೀರಿನ ಕಡೆಗೆ ಬಗ್ಗಿಸಿ, ತಂಗೂಸಿ ಸಡಿಲ ಬಿಡದೆ ಹಿಡಿಯಿರಿ.

ರಾಗಿ ಉಂಡೆ ಇಲ್ಲೇ ಬಿಟ್ಟುಹೋಗಿ. ನಾನು ಸೊಸೆಯ ಅಡುಗೆಮನೆಯಲ್ಲಿ ಮುದ್ದೆ ತಿರುವಿ, ಉಂಡೆ ಕಟ್ಟಿ, ಒಂದಿಡೀ ಬೆಳಿಗ್ಗೆ ಕಾದೆ. ಒಂದು ಕಾರ್ಪ್ ಮೂಸಿ ನೋಡಿ ಹೋಯಿತು, ಬಾಸ್ ತಿರುಗಿಯೂ ನೋಡಲಿಲ್ಲ. ಅದಕ್ಕೆ ಓಡಾಡುವ ತಿಂಡಿ ಬೇಕು. ಬಹಳ ಇಷ್ಟದ್ದು ಕ್ರೇಫಿಶ್. ನಮ್ಮ ಹೊಳೆ ಸಿಗಡಿಗೆ ಏಡಿಯ ಕೊಂಬು ಅಂಟಿಸಿದ ಹಾಗಿರುತ್ತದೆ, ಕಲ್ಲಿನ ಅಡಿಯಲ್ಲಿ ವಾಸ. ಹೆದರಿದರೆ ಬಾಲ ಬಡಿದು ಹಿಂದಕ್ಕೆ ಹಾರುತ್ತದೆ. ಗುಟ್ಟು ಇರುವುದು ಅಲ್ಲೇ. ಅಲ್ಲಿನ ಅಂಗಡಿಗಳಲ್ಲಿ ಬೆರಳುದ್ದದ ರಬ್ಬರ್ ಕೊಳವೆ ಸಿಗುತ್ತದೆ, ತುದಿಯಲ್ಲಿ ಜಾಲರಿ ಎಳೆಗಳು, ಒಳಗೆ ಸೀಸದ ತಲೆಯ ಕೊಕ್ಕೆ. ಅದನ್ನು ತಳ ಮುಟ್ಟಿಸಿ, ಕೋಲಿನ ತುದಿಯನ್ನು ಒಂದು ಗೇಣು ಎತ್ತಿ, ಇಳಿಸಿ, ಎರಡು ಎಣಿಸುವಷ್ಟು ಸುಮ್ನೆ ಬಿಡಿ. ಮತ್ತೆ ಎತ್ತಿ. ಬಾಸ್ ಕಚ್ಚುವುದು ಎತ್ತುವಾಗ ಅಲ್ಲ, ಅದು ತಳಕ್ಕೆ ಇಳಿಯುವಾಗ. ಜಗ್ಗಿದ್ದೂ ಗೊತ್ತಾಗುವುದಿಲ್ಲ. ತಂಗೂಸಿ ಒಂದು ಬದಿಗೆ ಸರಿದರೆ ಅಷ್ಟೇ ಸುಳಿವು. ಆರೂವರೆ ಅಡಿಯ ಹಗುರ ರಾಡು, ಆರು ಇಲ್ಲವೇ ಎಂಟು ಪೌಂಡ್ ಭಾರ ತಡೆಯುವ ತಂಗೂಸಿ ಸಾಕು. ನಮ್ಮ ಬಿಳಿಮೀನಿನ ದಪ್ಪ ದಾರ ಒಯ್ದರೆ ನಗುತ್ತಾರೆ.

ಇನ್ನು ಮೇ ತಿಂಗಳ ವಿಷಯ. ಇದನ್ನು ನನ್ನ ತಪ್ಪಿನಿಂದಲೇ ಹೇಳಬೇಕು. ಮೊದಲ ಸಲ ಹೋದಾಗ ಮೇ ನಡುವಿನಲ್ಲಿ ಮೊಣಕಾಲು ನೀರಿನಲ್ಲಿ ನಿಂತು ನೋಡುತ್ತೇನೆ, ಪಾಚಿ ಕಟ್ಟಿದ ತಳದಲ್ಲಿ ಒಂದು ಗೆರಸೆಯಷ್ಟು ಅಗಲದ ಜಾಗ ಮಾತ್ರ ಗುಡಿಸಿ ಇಟ್ಟ ಹಾಗೆ ಬೆಳ್ಳಗಿದೆ. ಬರೀ ಜಲ್ಲಿಕಲ್ಲು. ಅದರ ಮೇಲೆ ಒಂದು ಬಾಸ್ ನಿಂತಿದೆ, ಹೋಗುವುದೂ ಇಲ್ಲ, ಹೆದರುವುದೂ ಇಲ್ಲ. ಭಾರೀ ಅದೃಷ್ಟ ಅಂದುಕೊಂಡು ಕೊಳವೆ ಬಿಟ್ಟೆ. ಮೊದಲ ಸಲಕ್ಕೇ ಕಚ್ಚಿತು. ಕೈಗೆ ತಂದು ಫೋಟೋ ತೆಗೆಯುವಷ್ಟರಲ್ಲಿ ಆಚೆ ದಡದಲ್ಲಿದ್ದ ಮುದುಕರೊಬ್ಬರು ಕೈ ತೋರಿಸಿ ಏನೋ ಕೂಗಿದರು. ಬಗ್ಗಿ ನೋಡಿದೆ. ಆ ಬೆಳ್ಳನೆಯ ಜಾಗಕ್ಕೆ ಏಳೆಂಟು ಚಿಕ್ಕ ಮೀನು ನುಗ್ಗಿ ಕಲ್ಲುಗಳ ಸಂದಿಯಲ್ಲಿ ಕುಕ್ಕುತ್ತಿವೆ. ನಾನು ಹಿಡಿದದ್ದು ಗಂಡು ಮೀನು. ನೀರು 15-18 ಡಿಗ್ರಿ ಬೆಚ್ಚಗಾದಾಗ ಬಾಲದಿಂದ ಗೂಡು ಗುಡಿಸುವುದೂ ಅದೇ, ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಕಾವಲು ಕಾಯುವುದೂ ಅದೇ. ಮರಿ ಈಜುವವರೆಗೂ ಜಾಗ ಬಿಡುವುದಿಲ್ಲ. ಅದು ನನ್ನ ಕೊಳವೆಯನ್ನು ಕಚ್ಚಿದ್ದು ಹಸಿವಿಗಲ್ಲ, ಅಟ್ಟುವುದಕ್ಕೆ. ಒಂದು ನಿಮಿಷ ನಾನು ಅದನ್ನು ಎತ್ತಿ ಹಿಡಿದು ಹಲ್ಲು ಬಿಟ್ಟಿದ್ದಕ್ಕೆ ಮೊಟ್ಟೆ ಹೋದವು. ಆ ಫೋಟೋ ಮಗನ ಫೋನಿನಲ್ಲಿ ಇನ್ನೂ ಇದೆ, ನಾನು ಯಾರಿಗೂ ತೋರಿಸುವುದಿಲ್ಲ. ನೀವು ಮೇ ತಿಂಗಳಲ್ಲಿ ಬೆಳ್ಳನೆ ವೃತ್ತ ಕಂಡರೆ ಸುತ್ತು ಹಾಕಿ ಮುಂದೆ ಹೋಗಿ. ಜೂನ್ ಕೊನೆಯಿಂದ ಹೇಗೂ ಒಳ್ಳೆಯ ಕಾಲ.

ಲೈಸೆನ್ಸ್ ಬೇಕೇ ಬೇಕು. ಆನ್‌ಲೈನಿನಲ್ಲೂ ಅಂಗಡಿಯಲ್ಲೂ ಕೊಡುತ್ತಾರೆ, ಕೆಲವೇ ದಿನಕ್ಕೆ ಬೇಕಾದವರಿಗೆ ಆ ಲೆಕ್ಕದ್ದೂ ಇದೆ. ನಾನು ನರೆತ ತಲೆ ತೋರಿಸಿ ಹಿರಿಯ ನಾಗರಿಕರ ರಿಯಾಯಿತಿ ಕೇಳಿದೆ. ಅದು ಅಲ್ಲಿಯೇ ನೆಲೆಸಿದವರಿಗೆ ಅಂತೆ. ಕೊಕ್ಕೆಗಳನ್ನು ವಿಮಾನದ ಕೈಚೀಲದಲ್ಲಿ ಇಡಬೇಡಿ. ಮತ್ತೊಂದು, ರಾಡ್‌ಫರ್ಡ್ ಊರಿನ ಮೇಲೆ ಕ್ಲೇಟರ್ ಅಣೆಕಟ್ಟು ಇದೆ. ಕರೆಂಟಿಗಾಗಿ ನೀರು ಬಿಟ್ಟರೆ ಕೆಳಗಡೆ ಮಟ್ಟ ಏರುತ್ತದೆ. ಹಾರಂಗಿಯ ಗೇಟು ತೆಗೆಯುವ ಸುದ್ದಿ ಕೇಳಿ ದಡ ಹತ್ತುವವರು ನಾವು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಅಜ್ಜ, ನಾನು ಡಿಗ್ರಿ ಓದುತ್ತಿದ್ದೇನೆ. ಬೇತ್ರಿ ಸೇತುವೆ ಹತ್ತಿರ ಎರಡು ಭಾನುವಾರ ಕೂತೆ. ಹೊಳೆಯ ಮಧ್ಯಕ್ಕೆ ಎಷ್ಟು ದೂರ ಎಸೆದರೂ ಏನೂ ಇಲ್ಲ. ನನ್ನ ಸ್ನೇಹಿತ ದಡದ ಹತ್ತಿರವೇ ಹಾಕಿ ಮೂರು ಹಿಡಿದ. ಹಣೆಬರಹವಾ?
— ನಾಪೋಕ್ಲುವಿನ ಹುಡುಗ

ಉತ್ತರ: ಹಣೆಬರಹ ಅಲ್ಲ ತಮ್ಮಾ, ನೀನು ನೀರು ನೋಡಿಲ್ಲ. ಬರುವ ಭಾನುವಾರ ಗಾಳ ಮನೆಯಲ್ಲಿ ಬಿಟ್ಟು ಹೋಗು. ನಿಜವಾಗಿಯೂ. ಸೇತುವೆಯ ಮೇಲೆ ನಿಂತು, ಲಾರಿ ಬಂದಾಗ ಬದಿಗೆ ಸರಿದು, ಕೆಳಗೆ ನೋಡು.

ಒಂದು ಬಂಡೆ ಆರಿಸಿಕೋ. ಬೇಸಿಗೆಯಲ್ಲಿ ನೀರು ಇಳಿದಾಗ ಆನೆ ಮಲಗಿದ ಹಾಗೆ ಬೆನ್ನು ತೋರಿಸುತ್ತವಲ್ಲ, ಅಂಥದ್ದು. ನೀರು ಅದಕ್ಕೆ ಬಡಿದು ಎರಡಾಗುತ್ತದೆ. ಬಂಡೆಯ ಹಿಂದೆ ಒಂದು ತುಂಡು ನೀರು ಓಡುವುದಿಲ್ಲ, ನಿಂತಿರುತ್ತದೆ. ಇನ್ನೂ ಸರಿಯಾಗಿ ನೋಡಿದರೆ ಹಿಂದಕ್ಕೇ ತಿರುಗುತ್ತಿರುತ್ತದೆ. ಒಂದು ಒಣ ಬಿದಿರೆಲೆ ಮೇಲಿನಿಂದ ಬಿಡು. ಎಲೆ ಜೋರಾಗಿ ಬರುತ್ತದೆ, ಬಂಡೆ ದಾಟುತ್ತದೆ, ಆಮೇಲೆ ಒಂದು ಗೆರೆಯ ಮೇಲೆ ತಡವರಿಸುತ್ತದೆ: ಆಚೆ ಹೋಗಲಾ, ಈಚೆ ಬರಲಾ ಅಂತ. ಅಲ್ಲೇ ನೊರೆಯೂ ಸಾಲಾಗಿ ಹೋಗುತ್ತಿರುತ್ತದೆ. ನಿನ್ನ ಮೀನು ಆ ಗೆರೆಯ ಈಚೆ ಬದಿಯಲ್ಲಿದೆ. ನಿಂತ ನೀರಿನಲ್ಲಿ ಮೈ, ಓಡುವ ನೀರಿನ ಮೇಲೆ ಕಣ್ಣು. ಹುಳ, ಹಣ್ಣು, ಚಿಕ್ಕ ಮೀನು ಏನೇ ತೇಲಿ ಬಂದರೂ ಎರಡು ಮೊಳ ಮುಂದೆ ಹೋಗಿ ಬಾಯಿಗೆ ಹಾಕಿಕೊಂಡು ವಾಪಸ್ಸು. ಹೊಳೆಯ ಮಧ್ಯದಲ್ಲಿ ಇಡೀ ದಿನ ಪ್ರವಾಹಕ್ಕೆ ಎದೆ ಕೊಟ್ಟು ಈಜುತ್ತಾ ನಿಂತರೆ ಅದು ತಿಂದದ್ದು ಈಜುವುದಕ್ಕೇ ಸರಿಹೋಗುತ್ತದೆ. ಮೀನಿಗೂ ಲೆಕ್ಕ ಗೊತ್ತು.

ನ್ಯೂ ರಿವರ್ ನೋಡಿದಾಗ ನನಗೆ ಆಶ್ಚರ್ಯ ಆದದ್ದು ಇದೇ. ಮೀನು ಬೇರೆ, ಮರ ಬೇರೆ, ಆಚೆ ದಡದಲ್ಲಿ ಕಲ್ಲಿದ್ದಲು ತುಂಬಿದ ಉದ್ದನೆಯ ಗೂಡ್ಸ್ ರೈಲು. ಆದರೆ ಬಂಡೆಯ ಹಿಂದಿನ ಆ ಗೆರೆ ಅದೇ. ಬಾಸ್ ಕೂಡ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮೊದಲ ವಾರ ಅಲ್ಲಿನವರು ತೋರಿಸದೆ ಇದ್ದರೂ ಜಾಗ ನಾನೇ ಹುಡುಕಿದೆ. ಕೊಳವೆ ಆಡಿಸುವುದು ಅವರಿಂದ ಕಲಿಯಬೇಕಾಯಿತು ಅನ್ನುವುದು ಬೇರೆ ಮಾತು.

ಬಂಡೆಯ ಹಿಂದಕ್ಕೇ ನೇರವಾಗಿ ಎಸೆಯಬೇಡ, ಸದ್ದಿಗೆ ಓಡುತ್ತದೆ. ಮೇಲ್ಗಡೆ ಎಸೆದು ಎಲೆಯ ಹಾಗೆ ತೇಲಿ ಬರಲು ಬಿಡು. ದಾರ ಬಿಗಿ ಹಿಡಿದರೆ ಎರೆ ನೀರಿನ ಜೊತೆ ಬರುವುದಿಲ್ಲ, ಅಡ್ಡ ಎಳೆದುಕೊಂಡು ಹೋಗುತ್ತದೆ. ಎರೆಹುಳು ಅಡ್ಡಡ್ಡ ಈಜುವುದನ್ನು ಯಾವ ಮೀನು ನೋಡಿದೆ ಹೇಳು? ಸೂರ್ಯ ನಿನ್ನ ಬೆನ್ನಿಗಿದ್ದರೆ ನೆರಳು ನೀರಿಗೆ ಬೀಳುತ್ತದೆ, ಕೂತು ಹಾಕು. ಕೆಸರು ಕಲಸಿದ ಹಾಗೆ ನೀರು ಕೆಂಪಾಗಿದ್ದರೆ ಮನೆಗೆ ಹೋಗಿ ಓದು.

ಅಂದ ಹಾಗೆ ಗಾಳಕ್ಕೂ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. 1996ರ ಒಳನಾಡು ಮೀನುಗಾರಿಕೆ ಕಾನೂನು ಇದೆ. ಸ್ನೇಹಿತನನ್ನೂ ಕೇಳು, ಅವನ ಹತ್ತಿರ ಇದೆಯಾ ಅಂತ. ಮತ್ತೆ ನಮ್ಮ ಸಿದ್ದಾಪುರದ ಕಡೆ ಬಂದರೆ ಸಂಜೆ ಐದಕ್ಕೆ ಎದ್ದುಬಿಡು. ಆಮೇಲೆ ಹೊಳೆ ಆನೆಗಳದ್ದು.

ಪ್ರಶ್ನೆ: ಸೋಮವಾರಪೇಟೆ ಹತ್ತಿರ ತೋಟದಲ್ಲಿ ಒಂದೆಕರೆ ಕೆರೆ ಇದೆ. ಹೋಂಸ್ಟೇ ನಡೆಸುತ್ತಿದ್ದೇವೆ. ಕಾಟ್ಲಾ, ರೋಹು ಬಿಟ್ಟು ಬೇಜಾರಾಗಿದೆ. ಬಾಸ್ ಮರಿ ತರಿಸಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಗಾಳ ಹಾಕುವ ಅತಿಥಿಗಳಿಗೆ ಖುಷಿಯಾಗುತ್ತದೆ ಅಲ್ವಾ?
— ಕಾಫಿ ಬೆಳೆಗಾರರು

ಉತ್ತರ: ಬೇಡ. ದಯವಿಟ್ಟು ಬೇಡ. ಆ ಮನುಷ್ಯನ ಫೋನ್ ನಂಬರನ್ನೂ ಅಳಿಸಿಬಿಡಿ.

ನಿಮ್ಮ ಕೆರೆ ನಿಮ್ಮದೇ, ಒಪ್ಪುತ್ತೇನೆ. ಆದರೆ ಜುಲೈ ತಿಂಗಳಲ್ಲಿ ಅದು ನಿಮ್ಮ ಮಾತು ಕೇಳುತ್ತದಾ? ಕೋಡಿ ಹರಿದು, ತೋಡಿಗೆ ಬಿದ್ದು, ತೋಡು ಹಾರಂಗಿಗೆ, ಹಾರಂಗಿ ಕಾವೇರಿಗೆ. ಕಕ್ಕಡದ ಮಳೆಯಲ್ಲಿ ನಿಮ್ಮ ಮೀನು ಕೂಡಿಗೆ ತಲುಪಲು ಎಷ್ಟು ದಿನ ಬೇಕು?

ಈ ಬಾಸ್ ಹೋದ ಕಡೆಯೆಲ್ಲ ಯಾರೋ ಒಬ್ಬರು ಖುಷಿಗಾಗಿಯೇ ಒಯ್ದದ್ದು. ಅಮೆರಿಕದ ಪೊಟೋಮ್ಯಾಕ್ ನದಿಗೆ 1854ರಲ್ಲಿ ಅದು ಬಂದದ್ದು ರೈಲು ಇಂಜಿನ್ನಿನ ನೀರಿನ ತೊಟ್ಟಿಯಲ್ಲಿ ಕೂತು! ದಕ್ಷಿಣ ಆಫ್ರಿಕಕ್ಕೆ 1937ರಲ್ಲಿ ತಂದರು. ಅಲ್ಲಿ ರೊಂಡೆಗಾಟ್ ಅನ್ನುವ ಪುಟ್ಟ ಹೊಳೆ ಇದೆ, ನಮ್ಮ ಚಿಕ್ಲಿಹೊಳೆಯ ಹಾಗೆ. ಬಾಸ್ ಹತ್ತಿದ ಭಾಗದಲ್ಲಿ ಊರಿನ ಚಿಕ್ಕ ಮೀನುಗಳು ಹೆಚ್ಚುಕಡಿಮೆ ಪೂರ್ತಿ ಖಾಲಿ. ಅದು ಹತ್ತಲಾಗದ ಜಲಪಾತದ ಮೇಲೆ ಮಾತ್ರ ಉಳಿದುಕೊಂಡವು. ಕೊನೆಗೆ 2012ರಲ್ಲಿ ಮತ್ತು 2013ರಲ್ಲಿ ನಾಲ್ಕು ಕಿಲೋಮೀಟರ್ ಹೊಳೆಗೆ ಔಷಧಿ ಹಾಕಿ ಇಡೀ ನೀರು ತೊಳೆಯಬೇಕಾಯಿತು. ನಮ್ಮ ಹಿರಿಯರು ಕಾರೆಕಾಯಿ ಜಜ್ಜಿ ಹಾಕಿ ಮೀನಿಗೆ ಮತ್ತು ಬರಿಸುತ್ತಿದ್ದರಲ್ಲ, ಅದೇ ಜಾತಿಯ ಉಪಾಯ. ಇದು ಬೇರಿನಿಂದ ತೆಗೆದ ರೊಟೆನೋನ್. ಬಾಸ್ ಸತ್ತ ಮೇಲೆ ಮೇಲಿನ ಮೀನು ತಾನೇ ಕೆಳಗೆ ಇಳಿದು ಬಂತು. ಚಿಕ್ಕ ಹೊಳೆಯಾದ್ದರಿಂದ ಸಾಧ್ಯವಾಯಿತು. ಕಾವೇರಿಗೆ ಹಾಗೆ ಮಾಡುವುದಕ್ಕಾಗುತ್ತದಾ?

ಬಾಸಿನ ತವರು ದೇಶದಲ್ಲೇ ಇನ್ನೊಂದು ಕಥೆ. ಕೊಲೊರಾಡೋ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಲ್ಲಿ ನೀರು ಬಹಳ ಇಳಿಯಿತು. ಮೇಲಿನ ಬೆಚ್ಚನೆಯ ನೀರಿನಲ್ಲಿದ್ದ ಬಾಸ್ ಟರ್ಬೈನ್ ಮೂಲಕ ಕೆಳಗೆ ಜಾರಿತು. 2022ರಲ್ಲಿ ನೋಡಿದರೆ ಅಣೆಕಟ್ಟಿನ ಕೆಳಗೆ ಮರಿ ಮಾಡಿದೆ. ಅಲ್ಲಿ ಇರುವುದು ಗೂನುಬೆನ್ನಿನ ಹಂಪ್‌ಬ್ಯಾಕ್ ಚಬ್ ಅನ್ನುವ ಅಪರೂಪದ ಮೀನು. 2024ರಲ್ಲಿ ತಿಂಗಳುಗಟ್ಟಲೆ ಅಣೆಕಟ್ಟಿನ ಆಳದಿಂದ ತಣ್ಣೀರು ಬಿಟ್ಟು, ಬಾಸ್ ಮೊಟ್ಟೆ ಇಡದ ಹಾಗೆ ನೋಡಿಕೊಂಡರು. ಆ ನೀರು ಟರ್ಬೈನಿಗೆ ಹೋಗಲಿಲ್ಲ, ಕರೆಂಟೂ ಬರಲಿಲ್ಲ.

ಗೂನುಬೆನ್ನು ಅಂದ ಕೂಡಲೇ ನನಗೆ ನಮ್ಮದೇ ನೆನಪಾಗುತ್ತದೆ. ಕಾವೇರಿಯ ಗೂನು ಬಿಳಿಮೀನು, ಬಾಲ ಕಿತ್ತಳೆ ಬಣ್ಣ. ಈ ನದಿ, ಇದರ ಉಪನದಿಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್. ಅಷ್ಟು ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಎಂದು ಗೊತ್ತಾದದ್ದು 2018ರಲ್ಲಿ, ಟೋರ್ ರೆಮಾದೇವಿ ಅಂತ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಮರಳು, ಅಣೆಕಟ್ಟು, ಡೈನಮೈಟು, ಎಲ್ಲ ಕಾರಣವೂ ಇದೆ. ಜೊತೆಗೆ ನಾವೇ ಒಳ್ಳೆಯ ಮನಸ್ಸಿನಿಂದ ಲೋನಾವಳದ ಹ್ಯಾಚರಿಯಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಬಿಳಿಮೀನೂ ಇದೆ. ಅದು ಬಿಳಿಮೀನೇ, ಆದರೂ ಹೊರಗಿನದ್ದು. ನೆಂಟನೇ ಬಂದು ಮನೆ ತುಂಬಿಕೊಂಡ. ಇನ್ನು ಪರದೇಶದ ಬಾಸನ್ನೂ ಕರೆದರೆ?

ಬಾಸ್ ನಮ್ಮ ಸೆಕೆಗೆ ಬದುಕುವುದಿಲ್ಲ ಅನ್ನುವವರಿದ್ದಾರೆ. 1952ರಲ್ಲಿ ಜಿಲೇಬಿ ಮೀನು (ತಿಲಾಪಿಯಾ) ತಂದಾಗಲೂ ಅದು ಇಷ್ಟು ಹರಡುತ್ತದೆ ಅಂತ ಯಾರು ಅಂದುಕೊಂಡಿದ್ದರು? ಇವತ್ತು ಅದಿಲ್ಲದ ಕೆರೆ ತೋರಿಸಿ. ನಿಮ್ಮ ಅತಿಥಿಗಳಿಗೆ ಕಾಟ್ಲಾ ಬೇಜಾರಾದರೆ ತೆಳು ತಂಗೂಸಿಯಲ್ಲಿ ಹಿಡಿಯಲು ಹೇಳಿ. ಐದು ಕೆಜಿಯ ಕಾಟ್ಲಾ ಆರು ಪೌಂಡಿನ ದಾರದಲ್ಲಿ ಸಿಕ್ಕಿದರೆ ಬೇಜಾರು ಎಲ್ಲಿ ಹೋಯಿತು ಅಂತ ಅವರೇ ಹುಡುಕುತ್ತಾರೆ.

ಪ್ರಶ್ನೆ: ನಮ್ಮ ಯಜಮಾನರು ತಿಂಗಳಿಗೆರಡು ಸಲ ಜೀಪಿಗೆ ಡೀಸೆಲ್ ಹಾಕಿಸಿಕೊಂಡು ವಾಲ್ನೂರಿಗೆ ಹೋಗುತ್ತಾರೆ. ಮೀನು ಹಿಡಿದು ಬಿಟ್ಟು ಬರುತ್ತಾರಂತೆ. ಮನೆಗೆ ಬರುವುದು ಒದ್ದೆ ಬಟ್ಟೆ ಮಾತ್ರ. ಬಿಡುವುದಾದರೆ ಹಿಡಿಯುವುದ್ಯಾಕೆ?
— ಗೋಣಿಕೊಪ್ಪಲಿನಿಂದ ಒಬ್ಬ ಗೃಹಿಣಿ

ಉತ್ತರ: ಅಕ್ಕಾ, ಇದೇ ಪ್ರಶ್ನೆಯನ್ನು ನಮ್ಮ ಮನೆಯವರು ನಲವತ್ತು ವರ್ಷದಿಂದ ಕೇಳುತ್ತಿದ್ದಾರೆ. ನಾನು ಇನ್ನೂ ಉತ್ತರ ಯೋಚಿಸುತ್ತಿದ್ದೇನೆ.

ಯಜಮಾನರ ಪರವಾಗಿ ಇಷ್ಟು ಹೇಳಬಹುದು. ವಾಲ್ನೂರಿನ ಭಾಗವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ನೋಡಿಕೊಳ್ಳುತ್ತದೆ. ಪರ್ಮಿಟ್ ತೆಗೆದುಕೊಂಡು ಹೋಗಬೇಕು, ಹಿಡಿದದ್ದನ್ನು ಬಿಡಲೇಬೇಕು. ಹಾಗಾಗಿ ಅವರು ಹೇಳುವುದು ಸುಳ್ಳಲ್ಲ. ಗಾಳದವರು ದಡದಲ್ಲಿ ಓಡಾಡುವ ಕಡೆ ಡೈನಮೈಟಿನವರು ಬರಲು ಹಿಂಜರಿಯುತ್ತಾರೆ, ಅದೂ ಒಂದು ಉಪಕಾರ.

ಆದರೆ ಬಿಡುವುದರಲ್ಲೂ ಎರಡು ಬಗೆ. ಬಂದ ಮೇಲೆ ಇವಿಷ್ಟು ಕೇಳಿ. ಕೊಕ್ಕೆಯ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದರಾ? ಕೈ ಒದ್ದೆ ಮಾಡಿಕೊಂಡು ಮುಟ್ಟಿದರಾ? ಒಣ ಕೈ ಮುಟ್ಟಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಆಮೇಲೆ ಹುಣ್ಣು. ಬಾಸನ್ನು ಕೆಳದವಡೆ ಹಿಡಿದು ಎತ್ತುವ ಹಾಗೆ ಬಿಳಿಮೀನನ್ನು ನೇತಾಡಿಸಿದರಾ? ಅದು ಭಾರದ ಮೀನು, ನೀರಿನಲ್ಲೇ ಇಟ್ಟು ಹೊಟ್ಟೆಯ ಕೆಳಗೆ ಕೈ ಕೊಡಬೇಕು. ಫೋಟೋ ತೆಗೆಯುವಾಗ ನೀವು ಉಸಿರು ಬಿಗಿಹಿಡಿಯಿರಿ ಅಂತ ಹೇಳಿ. ನಿಮಗೆ ಕಟ್ಟಿದಾಗ ಮೀನಿಗೂ ಕಟ್ಟಿರುತ್ತದೆ. ಬಿಡುವಾಗ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದೇ ಬಾಲ ಬೀಸಿ ಹೋಗುವವರೆಗೂ ಕಾಯಬೇಕು. ಸುಮ್ನೆ ಎಸೆದರೆ ಬಿಟ್ಟಂತಲ್ಲ.

ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟರೆ ಡೀಸೆಲ್ ಕ್ಷಮಿಸಿ. ಒದ್ದೆ ಬಟ್ಟೆ ಅವರೇ ಒಗೆಯಲಿ.

ಪ್ರಶ್ನೆ: ಬಾಸ್ ರುಚಿ ಹೇಗಿರುತ್ತದೆ? ಸುತ್ತಿ ಬಳಸಬೇಡಿ, ನೇರ ಹೇಳಿ.
— ವಿರಾಜಪೇಟೆಯ ಹಳೆಯ ಓದುಗರು

ಉತ್ತರ: ಒಂದೇ ಒಂದು ತಿಂದಿದ್ದೇನೆ. ಅಲ್ಲಿನ ಕೆಲವು ನದಿಗಳಿಗೆ ಯಾವ ಮೀನು ತಿಂಗಳಿಗೆ ಎಷ್ಟು ತಿನ್ನಬಹುದು ಎಂದು ಆರೋಗ್ಯ ಇಲಾಖೆಯವರು ಪಟ್ಟಿ ಹಾಕಿರುತ್ತಾರೆ, ಯಾವ ಅಳತೆಯದ್ದನ್ನು ಇಟ್ಟುಕೊಳ್ಳಬಹುದು ಅನ್ನುವುದಕ್ಕೂ ನಿಯಮ ಇದೆ. ಎರಡೂ ನೋಡಿಕೊಂಡು ಮಗ ಒಪ್ಪಿದ. ಬಿಳಿ ಮಾಂಸ, ಗಟ್ಟಿ, ನಮ್ಮ ಹೊಳೆ ಮೀನಿನ ಹಾಗೆ ಸಂದುಸಂದಿನಲ್ಲಿ ಕೂದಲಿನಂಥ ಮುಳ್ಳಿಲ್ಲ. ವಾಸನೆಯೂ ಕಡಿಮೆ. ನಮ್ಮ ಮನೆಯವರು ಸೂಟ್‌ಕೇಸಿನಲ್ಲಿ ಒಂದು ಪುಟ್ಟ ಬಾಟಲಿ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ, ತಂದಿದ್ದರು. ಅರ್ಧ ದಾರಿಯಲ್ಲೇ ಸೋರಿ ನನ್ನ ಎರಡು ಅಂಗಿ ಕಪ್ಪಾಗಿತ್ತು. ಉಳಿದದ್ದನ್ನು ಹಾಕಿ, ಕರಿಮೆಣಸು ಜಜ್ಜಿ ಸಾರು ಮಾಡಿದರು. ಸೊಸೆ, ಮಗ ಎರಡೆರಡು ಸಲ ಹಾಕಿಸಿಕೊಂಡರು. ಇವರು ಮಾತ್ರ ಒಂದು ತುತ್ತು ತಿಂದು, "ಗದ್ದೆಯ ಕೊಯಿಲೆ ಮೀನಿನ ಮುಂದೆ ಇದೇನು ಮೀನೂಂದ್ರೆ?" ಅಂದರು. ಆ ಎರಡು ಅಂಗಿಯಲ್ಲಿ ಒಂದನ್ನು ಈಗಲೂ ಹೊಳೆಗೆ ಹೋಗುವಾಗ ಹಾಕಿಕೊಳ್ಳುತ್ತೇನೆ.